ಮೈಕ್ರೋವೇವ್ ಒರೆಸದ ಮಹನೀಯರಿಗೊಂದು ಬಿನ್ನವತ್ತಳೆ

ಯಳಂದೂರಿಗೆ ದೊಡ್ಡವರನ್ನು ಮರೆತು ಅಭ್ಯಾಸವಿಲ್ಲ. ಮೈಸೂರು ಅರಸರಿಂದ 1807ರಲ್ಲಿ ಈ ಸೀಮೆಯನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರನ್ನು ನಾವು ಮರೆತಿಲ್ಲ. ಗೌರೀಶ್ವರನ ಗುಡಿಯ ಮುಂದೆ ಕಲ್ಲಿನಲ್ಲೇ ಬಳೆ ಬಿಡಿಸಿ, ಒಂದರೊಳಗೊಂದು ಕೋದು ಬಳೆ ಮಂಟಪ ನಿಲ್ಲಿಸಿದ ಹದಿನಾಡಿನ ಪಾಳೆಯಗಾರರ ಕಾಲವನ್ನೂ ಮರೆತಿಲ್ಲ. ಸಂಚಿಯ ಹೊನ್ನಮ್ಮನನ್ನಂತೂ ಶಾಲೆಯ ಮಕ್ಕಳೂ ಬಲ್ಲರು. ಆದರೆ ಇದೇ ಊರಿನಲ್ಲಿ, ಯಾರ ಹೊಗಳಿಕೆಯನ್ನೂ ಬಯಸದೆ ಒಂದು ಕಠಿಣ ವ್ರತವನ್ನು ನಡೆಸಿಕೊಂಡು ಬರುತ್ತಿರುವ ಮಹನೀಯರಿದ್ದಾರೆ. ಮನೆಯಲ್ಲಿ ಮೈಕ್ರೋವೇವ್ ಓವನ್ ಇಟ್ಟುಕೊಂಡು, ದಿನವೂ ಅದರಲ್ಲಿ ಸಾರು ಬಿಸಿಮಾಡಿಕೊಂಡು ಉಂಡು, ಅದರ ಒಳಗನ್ನು ಒಮ್ಮೆಯೂ ಒರೆಸದ ಯಜಮಾನರು. ಇವರಿಗೊಂದು ಬಿನ್ನವತ್ತಳೆ ಸಲ್ಲಲೇಬೇಕು. ಬೇರೆ ಯಾರೂ ಮುಂದೆ ಬಾರದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೊದಲು ಅವರ ಭಕ್ತಿ. ಓವನ್ನು ಆ ಮನೆಗೆ ಬಂದದ್ದು ಗೃಹಪ್ರವೇಶದ ಉಡುಗೊರೆಯಾಗಿ, ಬೆಂಗಳೂರಿನ ಅಳಿಯನ ಕಾರಿನಲ್ಲಿ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ ಹಿಂದಿನ ಸೀಟಿನಲ್ಲಿ ಕೂತು, ಮೊಮ್ಮಗನಿಗಿಂತ ಭದ್ರವಾಗಿ ಬಂತು. ಅಂದಿನಿಂದ ಅದಕ್ಕೆ ಕಸೂತಿಯ ಮುಸುಕು, ಮುಸುಕಿನ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಬಾಗಿಲಿನ ಸ್ಟಿಕ್ಕರನ್ನು ಇನ್ನೂ ಕಿತ್ತಿಲ್ಲ. ಆಯುಧಪೂಜೆಯ ಬೆಳಿಗ್ಗೆ ಯಜಮಾನರು ಬೈಕಿಗೆ ಶಾಂಪೂ ಹಾಕಿ ತಿಕ್ಕುತ್ತಾರೆ. ಚೈನಿನ ಜಿಡ್ಡನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ತೆಗೆಯುತ್ತಾರೆ, ಚಕ್ರದ ಕಡ್ಡಿ ಕಡ್ಡಿಯನ್ನೂ ಒರೆಸುತ್ತಾರೆ. ಬೂದುಗುಂಬಳ ಒಡೆದಾದ ಮೇಲೆ ಓವನ್ನಿಗೂ ಮೂರು ಬೆರಳು ವಿಭೂತಿ, ಕುಂಕುಮದ ಬೊಟ್ಟು, ಒಂದು ಮೊಳ ಸೇವಂತಿಗೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಗರ್ಭಗುಡಿಗೆ ಯಾರೆಂದರೆ ಅವರು ಕೈಹಾಕಬಾರದು ಎಂಬ ತಿಳಿವಳಿಕೆ ಅವರಿಗಿದೆ.

ಇನ್ನು ಅವರ ವಿಜ್ಞಾನ. ಹೆಂಡತಿ ಎಂದಾದರೂ "ಏನ್ರೀ, ವಸಿ ಬಗ್ಗಿ ಒಳಗಡೆ ನೋಡಿ, ಹೆಂಗಾಗದ" ಅಂದರೆ ಉತ್ತರ ಸಿದ್ಧವಾಗಿರುತ್ತದೆ. "ಇದೇನು ಸೌದೆ ವಲೆ ಅಂದ್ಕಂಡಿದ್ದಯಾ? ಕರೆಂಟ್ ಅಲೆ ಕನಮ್ಮಿ. ಆನ್ ಮಾಡುದ್ರೆ ಒಳಗಿರೊ ಕ್ರಿಮಿಯೆಲ್ಲ ಸತ್ತೋಯ್ತವೆ. ತನ್ನ ಪಾಡಿಗೆ ತಾನೇ ತೊಳ್ಕತದ ಬುಡು."

ಭೌತಶಾಸ್ತ್ರ ಇದಕ್ಕೆ ಒಪ್ಪುವುದಿಲ್ಲ. ಓವನ್ನಿನ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತ, ಆಹಾರದೊಳಗಿನ ನೀರಿನ ಅಣುಗಳನ್ನು ಅಲ್ಲಾಡಿಸಿ ಬಿಸಿಯೇರಿಸುತ್ತದೆ. ಲೋಹದ ಗೋಡೆ ಅದನ್ನು ಹೀರಿಕೊಳ್ಳದೆ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಗೋಡೆ ಸೌದೆ ಒಲೆಯ ಹಾಗೆ ಕಾದು ಕೆಂಪಾಗುವುದೂ ಇಲ್ಲ. ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಬಲಗೊಂಡು, ಕೆಲವೆಡೆ ಕುಗ್ಗುವುದರಿಂದ ಒಂದು ಕಡೆ ಕುದಿ, ಎರಡು ಬೆರಳಾಚೆ ತಣ್ಣಗೆ. ಗಾಜಿನ ತಟ್ಟೆಯನ್ನು ಸುತ್ತಿಸುವುದೇ ಈ ತೊಂದರೆ ತಪ್ಪಲೆಂದು. ಮೂಲೆಯಲ್ಲಿ ಅಂಟಿ ಒಣಗಿದ ಸಾರು ತಟ್ಟೆಯ ಮೇಲೆ ಕೂತು ಸುತ್ತುವುದಿಲ್ಲ. ಅದರಲ್ಲಿ ಅಲ್ಲಾಡುವಷ್ಟು ನೀರೂ ಇಲ್ಲ. ಅಲ್ಲಿ ಠಿಕಾಣಿ ಹೂಡಿದ ಕ್ರಿಮಿಗೆ ದಿನಕ್ಕೆರಡು ಸಲ ಬೆಚ್ಚಗಿನ ಆವಿಸ್ನಾನವಾಗುತ್ತದೆ, ಅಷ್ಟೆ. ಯಜಮಾನರು ಇದನ್ನೆಲ್ಲ ಸಾವಧಾನವಾಗಿ ಕೇಳುತ್ತಾರೆ, ತಲೆಯನ್ನೂ ಆಡಿಸುತ್ತಾರೆ. ಸಿದ್ಧಾಂತವನ್ನು ಮಾತ್ರ ಬದಲಿಸುವುದಿಲ್ಲ. ಯಾವ ಪ್ರಯೋಗಕ್ಕೂ ಅಲುಗದ ಸಿದ್ಧಾಂತ ಎಷ್ಟು ವಿಜ್ಞಾನಿಗಳ ಬಳಿ ಇದ್ದೀತು?

ಆ ಒಳಗನ್ನು ಒಮ್ಮೆ ನೋಡಬೇಕು. ಪ್ರಾಚ್ಯವಸ್ತು ಇಲಾಖೆಯವರು ಗುಂಡಿ ತೋಡಿ ಹುಡುಕುವುದನ್ನು ಇಲ್ಲಿ ಬಾಗಿಲು ತೆರೆದೇ ನೋಡಬಹುದು. ತಳದಲ್ಲಿ ವರ್ಷದ ಮೊದಲ ಒಬ್ಬಟ್ಟಿನ ಸಾರು. ಅದರ ಮೇಲೆ ಹುರುಳಿಕಟ್ಟಿನ ದಪ್ಪ ಪದರ. ಅದರ ಮೇಲೆ, ಶ್ರಾವಣ ಮುಗಿದ ಮರುದಿನದ್ದೆಂದು ಖಚಿತವಾಗಿ ಹೇಳಬಹುದಾದ ನಾಟಿಕೋಳಿ ಸಾರು. ಚಾವಣಿಯಲ್ಲಿ ಅವರೆಕಾಳಿನ ಸಿಪ್ಪೆ, ಚಳಿಗಾಲದ್ದು. ಉಪ್ಪೆಸರಿನ ಕುರುಹು ಕಡಿಮೆ, ಅದು ನೀರುನೀರು, ಹೆಚ್ಚು ಸಿಡಿಯುವುದಿಲ್ಲ. ಸಿಡಿಯುವುದು ಮಂದ ಸಾರು. ಅಡಿಯಲ್ಲಿ ಹುಟ್ಟಿದ ಆವಿಗೆ ಮೇಲೇಳಲು ದಾರಿ ಸಿಗದೆ ಸಿಕ್ಕಿಕೊಂಡಿರುತ್ತದೆ, ತಡೆಯಲಾರದೆ ಹೋದಾಗ ಮೇಲಿನ ಕಾಳನ್ನೂ ಎತ್ತಿಕೊಂಡು ಚಾವಣಿಗೆ ಹೊಡೆಯುತ್ತದೆ. ಬಟ್ಟಲಿನ ಮೇಲೊಂದು ಪಿಂಗಾಣಿ ತಟ್ಟೆಯನ್ನು, ಆವಿ ಹೋಗಲು ವಸಿ ಸಂದು ಬಿಟ್ಟು ಮುಚ್ಚಿದರೆ ಇದಾವುದೂ ಆಗದು. ಎಲ್ಲರೂ ಹಾಗೆ ಮುಚ್ಚುತ್ತ ಹೋದರೆ ಮುಂದಿನವರಿಗೆ ನಮ್ಮ ಕಾಲದ ಊಟದ ಬಗ್ಗೆ ಆಧಾರವೇ ಉಳಿಯುವುದಿಲ್ಲ ಎಂಬುದು ಯಜಮಾನರ ದೂರದೃಷ್ಟಿ.

ಒರೆಸದ ಈ ಪರಂಪರೆ ಓವನ್ನಿನಷ್ಟೇ ಹಳೆಯದು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರಿನ ಮ್ಯಾಗ್ನೆಟ್ರಾನ್ ಕೊಳವೆಗಳ ಕೆಲಸ ನೋಡುತ್ತಿದ್ದ ಪರ್ಸಿ ಸ್ಪೆನ್ಸರ್, 1945ರ ಹೊತ್ತಿಗೆ, ಜೇಬಿನಲ್ಲಿದ್ದ ಸಿಹಿ ತಿಂಡಿ ಕರಗಿದ್ದನ್ನು ಕಂಡು ಈ ಬಿಸಿಯ ಗುಟ್ಟು ಹಿಡಿದರು ಎನ್ನುತ್ತಾರೆ. ಮೊದಲು ಜೋಳ ಅರಳಿಸಿ ನೋಡಿದರು. ಆಮೇಲೆ ಮೊಟ್ಟೆ ಇಟ್ಟರು. ಮೊಟ್ಟೆ ಸಿಡಿದು, ಬಗ್ಗಿ ನೋಡುತ್ತಿದ್ದ ಜೊತೆಗಾರನ ಮುಖಕ್ಕೆ ರಾಚಿತಂತೆ. 1947ರಲ್ಲಿ ಹೊರಬಂದ ಮೊದಲ ಓವನ್ ಹೆಚ್ಚುಕಡಿಮೆ ಆರಡಿ ಎತ್ತರ, 340 ಕಿಲೋ ತೂಕ. ಸ್ಪೆನ್ಸರ್ ಹೆಸರು ಪುಸ್ತಕದಲ್ಲಿದೆ. ಜೇಬಿನ ತಿಂಡಿಯೂ ಇದೆ, ಸಿಡಿದ ಮೊಟ್ಟೆಯೂ ಇದೆ. ಆ ಮೊಟ್ಟೆಯನ್ನು ಒರೆಸಿದವರು ಯಾರೆಂಬುದು ಆ ಕತೆಯಲ್ಲಿ ಬರುವುದಿಲ್ಲ. ನಮ್ಮ ಯಜಮಾನರು ಆ ಪುಸ್ತಕ ಓದಿದವರಲ್ಲ. ಹೆಸರು ಉಳಿಯುವುದು ಬಿಸಿ ಮಾಡಿದವನದು, ಒರೆಸಿದವರದಲ್ಲ ಎಂಬುದನ್ನು ಓದದೆಯೇ ಅರಿತಿದ್ದಾರೆ.

ಸರ್ಕಾರದ ಲೆಕ್ಕವೂ ಅವರ ಕಡೆಗೇ. 2019ರಲ್ಲಿ ಕೇಂದ್ರದ ಅಂಕಿಅಂಶ ಕಚೇರಿಯವರು, ದೇಶದ ಜನ ದಿನವನ್ನು ಯಾವುದಕ್ಕೆ ಎಷ್ಟು ಕಳೆಯುತ್ತಾರೆಂದು ಮನೆಮನೆಗೆ ಹೋಗಿ ಕೇಳಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ತೆಗೆದುಕೊಂಡರೆ, ಗಂಡಸರಿಗೆ 97 ನಿಮಿಷ ಸಾಕಾಯಿತು. ಗಂಡಸರು ಮೂರು ಪಟ್ಟು ಚುರುಕು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಅದರಲ್ಲೂ ಈ 97 ನಿಮಿಷ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ. ಅವರು ನೂರಕ್ಕೆ 26 ಮಂದಿ. ಉಳಿದ 74 ಮಂದಿ ಸೊನ್ನೆ ನಿಮಿಷದಲ್ಲೇ ಕೆಲಸ ಮುಗಿಸಿದ್ದಾರೆ. ನಮ್ಮ ಸನ್ಮಾನಿತರು ಈ ಎರಡನೆಯ, ಹೆಚ್ಚು ದಕ್ಷ ಗುಂಪಿಗೆ ಸೇರಿದವರು.

ಸಾಹಿತ್ಯದ ಆಧಾರವೂ ಅವರ ಕೈಯಲ್ಲಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ನಮ್ಮೂರ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಗಂಡನ ಮನೆಯಲ್ಲಿ ಹೆಂಡತಿ ಹೇಗಿರಬೇಕೆಂದು ಸಾಂಗತ್ಯದಲ್ಲಿ ಹೇಳಿದಳು. ಹೆಣ್ಣನ್ನು ಹೀಗಳೆಯುವವರನ್ನು ಅದೇ ಕಾವ್ಯದಲ್ಲಿ ಕೇಳಬೇಕಾದ ಹಾಗೆ ಕೇಳಿಯೂ ಬಿಟ್ಟಳು. ಶಾಲೆಯಲ್ಲಿ ಪಾಠಕ್ಕೆ ಬರುವುದು ಈ ಕೊನೆಯ ಮಾತೇ. ಆ ಪಾಠ ನಡೆದ ದಿನ ಯಜಮಾನರು ಶಾಲೆಗೆ ಹೋಗಿರಲಿಲ್ಲ. ಮಿಕ್ಕದ್ದೆಲ್ಲ ಅವರಿಗೆ ಬಾಯಿಪಾಠ. ಗಂಡನಾದವನ ಧರ್ಮವನ್ನು ಸಾಂಗತ್ಯದಲ್ಲಿ ಹೇಳುವ ಕವಿ ಹುಟ್ಟುವ ತನಕ ಮೈಕ್ರೋವೇವ್ ವಿಷಯದಲ್ಲಿ ತಮಗೆ ಯಾವ ಕಟ್ಟಳೆಯೂ ಇಲ್ಲ ಎನ್ನುತ್ತಾರೆ. ವಾದದಲ್ಲಿ ಲೋಪವಿಲ್ಲ.

ಲೋಪ ಹುಡುಕುವವರು ಮನೆಯಲ್ಲೇ ಒಬ್ಬರಿದ್ದಾರೆ, ಅವರ ತಾಯಿ. "ದಿನಾ ವತಾರೇಲಿ ಬೂದಿ ಎತ್ತಿ, ಸಗಣಿ ಹಾಕಿ ಸಾರ್ಸಿ, ಎರಡೆಳೆ ರಂಗೋಲಿ ಬುಟ್ಟೇ ಒಲೆ ಹಚ್ತಿದ್ದೊ ಕನಪ್ಪ. ಇದ್ನ ಯಾಕ್ ಮಗ ಹಿಂಗೆ ಮೈಲಿಗೆ ಮಾಡಿ ಮಡಗಿದ್ದೀರಿ?" ಎಂದು ಕೇಳುತ್ತಾರೆ. "ನಿಂಗೊತ್ತಾಗಲ್ಲ, ಸುಮ್ಕಿರವ್ವ" ಎಂದು ಯಜಮಾನರು ಅಷ್ಟೇ ಗೌರವದಿಂದ ಉತ್ತರಿಸುತ್ತಾರೆ. ಒಲೆ ಸಾರಿಸಿದವರಿಗೆ ಅಲೆಯ ವಿಷಯ ಹೇಗೆ ತಿಳಿದೀತು!

ಹಾಗೆಂದು ಅವರಿಗೆ ಕೆಲಸ ಬಾರದು ಎಂದು ಯಾರೂ ಭಾವಿಸಬಾರದು. ಸಂಕ್ರಾಂತಿಯ ಹೊತ್ತಿಗೆ ಬಿಳಿಗಿರಿರಂಗನ ಚಿಕ್ಕಜಾತ್ರೆಗೆಂದು ನೆಂಟರು ಬರುವ ಮುಂಚೆ, ಹೆಂಡತಿ ಸೆರಗು ಸಿಕ್ಕಿಸಿ ಓವನ್ನಿನ ಮುಂದೆ ನಿಂತಾಗ, ಯಜಮಾನರು ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿಕೊಂಡು ಹೇಳಿಕೊಡುತ್ತಾರೆ. ಗಾಜಿನ ಬಟ್ಟಲಲ್ಲಿ ಅರ್ಧ ನೀರು ಹಾಕು. ಒಂದು ನಿಂಬೆಹಣ್ಣು ಹಿಂಡಿ, ಸಿಪ್ಪೆಯನ್ನೂ ಅದರೊಳಗೇ ಬಿಡು. ಬರಿ ನೀರಿಡಬೇಡ, ನುಣ್ಣನೆಯ ಬಟ್ಟಲಲ್ಲಿ ಬರಿ ನೀರು ಗುಳ್ಳೆಯೇಳದೆ ಕುದಿಯನ್ನು ಮೀರಿ ಕಾದು, ಮುಟ್ಟಿದ ಕೂಡಲೇ ಕೈಮೇಲೆ ಉಕ್ಕೀತು, ಸಿಪ್ಪೆಯೋ ಮರದ ಕಡ್ಡಿಯೋ ಇದ್ದರೆ ಗುಳ್ಳೆಗೆ ನೆಲೆ ಸಿಗುತ್ತದೆ. ಐದು ನಿಮಿಷ ಓಡಿಸು. ನಿಂತ ಮೇಲೂ ಐದು ನಿಮಿಷ ಬಾಗಿಲು ತೆಗೆಯಬೇಡ, ಆವಿ ಕಲೆಯನ್ನು ನೆನೆಸಲಿ. ಪ್ಲಗ್ಗು ಕಿತ್ತು, ಮೆತ್ತನೆ ಬಟ್ಟೆಯಲ್ಲಿ ಚಾವಣಿಯಿಂದ ಕೆಳಕ್ಕೆ ಒರೆಸಿಕೊಂಡು ಬಾ. ಬಿಡದ ಕಲೆಗೆ ಅಡುಗೆ ಸೋಡ ಕಲಸಿ ಹಚ್ಚು. ಗಾಜಿನ ತಟ್ಟೆ ಬಿಸಿಯಿದ್ದಾಗ ತಣ್ಣೀರು ಬಿಡಬೇಡ, ಸೀಳೀತು. ತಟ್ಟೆಯಡಿಯ ಗಾಲಿಯುಂಗುರ ಮರೀಬೇಡ. ಬಾಗಿಲಿನ ಅಂಚಿನಲ್ಲಿ ಜಿಡ್ಡು ನಿಂತು ಬಾಗಿಲು ಸರಿಯಾಗಿ ಕೂರದಿದ್ದರೆ ಓಡಿಸಲೇಬೇಡ. ಇಷ್ಟನ್ನೂ ಕೂತಲ್ಲಿಂದ ಏಳದೆ, ಒಂದು ತಪ್ಪಿಲ್ಲದೆ ಹೇಳಿ ಮುಗಿಸಿ, ಕೊನೆಗೆ "ಕಾಪಿ ಆಯ್ತಾ?" ಎಂದು ವಿಚಾರಿಸುತ್ತಾರೆ.

ವ್ರತ ಮುರಿದವರ ಗತಿ ಏನಾಯಿತೆಂಬುದನ್ನೂ ಅವರು ಕಣ್ಣಾರೆ ಕಂಡಿದ್ದಾರೆ. ಅವರ ಭಾವಮೈದ, ವಯಸ್ಸಿನ ಹುಮ್ಮಸ್ಸಿನಲ್ಲಿ, ತನ್ನ ಮನೆಯ ಓವನ್ನನ್ನು ತಾನೇ ಒರೆಸುತ್ತೇನೆಂದು ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಕೈಗೆತ್ತಿಕೊಂಡ. ಒಳಗಿನ ಬಣ್ಣ ಕೆರೆದುಹೋಗಿ ತಗಡು ತುಕ್ಕು ಹಿಡಿಯಿತು. ಪಕ್ಕದ ಗೋಡೆಯಲ್ಲಿ ರಟ್ಟಿನ ತುಂಡಿನಂತೆ ಕಾಣುವ ಅಭ್ರಕದ ಹಾಳೆಯನ್ನು, ಏನೋ ಕೊಳೆಯಿರಬೇಕೆಂದು ಉಜ್ಜಿ ಮುರಿದ. ಅಲೆ ಒಳಬರುವ ಬಾಯಿಗೆ ಜಿಡ್ಡು ತಗಲದಿರಲೆಂದು ಇಟ್ಟ ಹಾಳೆ ಅದು. ಅದರ ಮೇಲೆ ಸಾರು ಸಿಡಿದು ಸೀದರೂ ಕಿಡಿ, ಮುರಿದರೂ ಕಿಡಿ. ಒದ್ದೆಬಟ್ಟೆಯಲ್ಲಿ ಹಗುರಾಗಿ ಮುಟ್ಟಿ ಬಿಡಬೇಕು, ಅಷ್ಟೆ. ಮರುದಿನ ಹಾಲು ಬಿಸಿಗಿಟ್ಟಾಗ ಒಳಗೆ ಚಟಪಟ ಎಂದು ದೀಪಾವಳಿಯಾಯಿತು. ಸೀದ ಜಿಡ್ಡಿನಿಂದಲೂ ಹೀಗೇ ಕಿಡಿ ಹಾರುತ್ತದೆ ಎಂದು ರಿಪೇರಿಯವನು ಎಷ್ಟು ಹೇಳಿದರೂ, ಒರೆಸಿದ್ದರಿಂದಲೇ ಓವನ್ ಕೆಟ್ಟಿತು ಎಂಬ ತೀರ್ಪು ಯಜಮಾನರ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದೆ.

ದೇಶದ ಸಂಪತ್ತಿನ ಬಗ್ಗೆ ಅವರ ಕಾಳಜಿಯನ್ನು ಹೇಳದಿದ್ದರೆ ಅಪಚಾರವಾದೀತು. ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅಂಥ ಘನತೆಯ ವಸ್ತುವನ್ನು ನಿಂಬೆಸಿಪ್ಪೆ ಬೇಯಿಸಲು ಹಾಳುಮಾಡುವುದೆ? 1200 ವಾಟಿನ ಓವನ್ ಐದು ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹತ್ತರಲ್ಲೊಂದು ಪಾಲು ಖರ್ಚು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ಮನೆಗೆ ಬರುತ್ತಿರುವುದು ಸೊನ್ನೆ ಬಿಲ್ಲು. ಆದರೂ ಆ ಹತ್ತರಲ್ಲೊಂದು ಪಾಲನ್ನು ಉಳಿಸಲು ಯಜಮಾನರು ಪಣ ತೊಟ್ಟಿದ್ದಾರೆ. ಉಳಿದದ್ದರಲ್ಲಿ ರಾತ್ರಿ ಕ್ರಿಕೆಟ್ ನೋಡುತ್ತಾರೆ.

ಆದ್ದರಿಂದ ಊರಿನ ಸಮಸ್ತರಲ್ಲಿ ವಿನಂತಿ. ಸನ್ಮಾನವನ್ನು ಯಜಮಾನರ ಮನೆಯಲ್ಲೇ, ಒಂದು ಭಾನುವಾರ, ಊಟದ ಹೊತ್ತಿಗೆ ಇಟ್ಟುಕೊಳ್ಳೋಣ. ನಿನ್ನೆಯ ಸಾರನ್ನು ಅವರೇ ಸ್ವಹಸ್ತದಿಂದ ಬಿಸಿಮಾಡಿ ಬಡಿಸುತ್ತಾರೆ. ಬರುವವರು ಹೂಹಣ್ಣಿಗೆ ದುಡ್ಡು ಹಾಕಬೇಡಿ. ಒಂದು ನಿಂಬೆಹಣ್ಣು, ಒಂದು ಮೆತ್ತನೆ ಬಟ್ಟೆ ತಂದರೆ ಸಾಕು. ಎರಡನ್ನೂ ಯಜಮಾನರ ಕೈಗೇ ಕೊಡಿ. ಪಕ್ಕದಲ್ಲಿ ನಿಂತವರು ಎಂದಿನಂತೆ ಕೈ ಚಾಚುತ್ತಾರೆ, ಅವರಿಗೆ ಕೊಡಬೇಡಿ.