ಹಿಂತೋಳು ಮೀಮಾಂಸೆ (ಹುಣಸಮಾರನಹಳ್ಳಿ ಪಾಠ)

ತೋಳು ಎಂದರೆ ಯಾವುದು? ಈ ಪ್ರಶ್ನೆಗೆ ಬೆಂಗಳೂರಿನಂಚಿನ ಹುಣಸಮಾರನಹಳ್ಳಿಯಲ್ಲಿ ಎರಡು ದರ್ಶನಗಳುಂಟು. ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಜಿಮ್ಮಿನಲ್ಲಿ, ಸಂಜೆ ಏಳರ ಹೊತ್ತಿಗೆ ಮೆರೆಯುವುದು ದರ್ಪಣ ಪಂಥ. ಕನ್ನಡಿಯಲ್ಲಿ ಕಂಡದ್ದಷ್ಟೇ ಸತ್ಯ, ಕಾಣದ ಸ್ನಾಯು ಮಿಥ್ಯೆ ಎಂಬುದು ಇವರ ಮತ. ಆದಕಾರಣ ಎಲ್ಲರೂ ಬೈಸೆಪ್ಸನ್ನೇ ಉಪಾಸಿಸುತ್ತಾರೆ. ಒಂದು ಸೆಟ್ಟು, ಮೂರು ಸೆಲ್ಫಿ, ಮತ್ತೆ ಒಂದು ಸೆಟ್ಟು. 'ಇನ್ನೊಂದೆರಡು ಹೊಡಿ ಮಗಾ!' ಎಂಬುದೇ ಮಂತ್ರಘೋಷ.

ಇದು ಪೂರ್ವಪಕ್ಷ. ಇದನ್ನು ಖಂಡಿಸುವುದು ಸುಲಭ. ಮೇಲ್ತೋಳಿನ ಸ್ನಾಯುರಾಶಿಯಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಹಿಂದುಗಡೆಯ ಟ್ರೈಸೆಪ್ಸಿನದು. ಟೀ ಶರ್ಟಿನ ತೋಳು ಬಿಗಿಯಬೇಕೆಂದು ಹಂಬಲಿಸುತ್ತ ಮುಂದಿನ ಮೂರನೇ ಒಂದು ಪಾಲನ್ನೇ ಪೂಜಿಸುವುದು ಯಾವ ತರ್ಕ? ಸನ್ನೆಗಳ ಲೆಕ್ಕದಲ್ಲೂ ಮೊಣಕೈಯನ್ನು ನೀಡುವ ಟ್ರೈಸೆಪ್ಸಿನದು ಮೊದಲನೇ ದರ್ಜೆ, ಮಡಿಸುವ ಬೈಸೆಪ್ಸಿನದು ಮೂರನೇ ದರ್ಜೆ. ಊರಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ಕಾಲೇಜಿದೆ. ಬೆಳಗ್ಗೆ ಸನ್ನೆ ಓದಿದ ಹುಡುಗರೇ ಸಂಜೆ ಮೂರನೇ ದರ್ಜೆಗೆ ಮುಗಿಬೀಳುವುದು ಕಲಿಪ್ರಭಾವವಲ್ಲದೆ ಮತ್ತೇನು?

ಇನ್ನು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಊಹಿಸಬೇಕು ಎಂದು ಮೀಮಾಂಸಕರು ಹೇಳಿದ್ದರಷ್ಟೆ. ದೇವದತ್ತನ ತಾಯಿ ಜಿಮ್ಮಿನ ಮೆಟ್ಟಿಲೇ ಹತ್ತದಿದ್ದರೂ ಅವರ ಹಿಂತೋಳು ಗಟ್ಟಿಯಾಗಿದ್ದರೆ? ಅಡುಗೆಮನೆಗೆ ಹೋಗಿ ನೋಡಬೇಕು. ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು, ಬೆಂದ ರಾಗಿಹಿಟ್ಟಿಗೆ ಕೋಲು ಊರಿ, ಮೈಭಾರವನ್ನೆಲ್ಲ ಮೊಣಕೈಗೆ ಇಳಿಸಿ, ಗಂಟು ಉಳಿಯದಂತೆ ತೊಳಸುತ್ತಾರೆ. ಎಂಟು ಮುದ್ದೆಯ ಹಿಟ್ಟು ಕೊನೆಗೊನೆಗೆ ಕೋಲನ್ನೇ ಹಿಡಿದುಕೊಂಡು ಬಿಡಲೊಲ್ಲದು. ಮಗ ಹಣ ಕಟ್ಟಿ ಕೇಬಲ್ಲಿನಲ್ಲಿ ಮಾಡುವ ಪುಷ್‌ಡೌನಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ, ಇಲ್ಲಿ ಕೊನೆಯಲ್ಲಿ ಮುದ್ದೆ ಸಿಗುತ್ತದೆ. (ಭುಜ, ಬೆನ್ನುಗಳ ಪಾಲೂ ಇದೆಯಲ್ಲ ಎಂದು ಆಕ್ಷೇಪಿಸುವವರು ಮೊದಲು ಒಂದು ಹೊತ್ತು ತೊಳಸಿ ಬರಲಿ.)

ಆಪ್ತವಾಕ್ಯ ಬೇಕೆಂದರೆ ಕೆ.ವಿ. ಅಯ್ಯರ್ ಇದ್ದಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದವರು, 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು, ಕೈಲಾಸಂ ಅವರ ಆಪ್ತರು. ನಮ್ಮ ವಿಮರ್ಶಕರು ಅವರ ಶೈಲಿಯನ್ನು ಅಳೆದರು, ತೋಳನ್ನು ಅಳೆಯಲಿಲ್ಲ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇದೊಂದು ದೊಡ್ಡ ಲೋಪ.

ಈಗ ಸಿದ್ಧಾಂತ. ಟ್ರೈಸೆಪ್ಸಿಗೆ ಮೂರು ತಲೆ. ಎರಡು ತೋಳಿನ ಮೂಳೆಯಿಂದಲೇ ಹೊರಡುತ್ತವೆ. ಉದ್ದನೆಯದು ಮಾತ್ರ ಭುಜ ದಾಟಿ ಹೆಗಲಮೂಳೆಯಲ್ಲಿ ಬೇರೂರಿದೆ. ಕೈ ಮೇಲೆತ್ತಿದಾಗ ಅದು ಚೆನ್ನಾಗಿ ಹಿಗ್ಗುತ್ತದೆ. 2022ರಲ್ಲಿ ಬೆಳಕಿಗೆ ಬಂದ ಒಂದು ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಒಂದು ಕೈಯನ್ನು ತಲೆಯ ಮೇಲೆ, ಇನ್ನೊಂದನ್ನು ಪಕ್ಕಕ್ಕೆ ಇಳಿಬಿಟ್ಟು 12 ವಾರ ಮೊಣಕೈ ನೀಡಿಸಿದರು. ಮೇಲಿನ ಕೈಯ ಟ್ರೈಸೆಪ್ಸು ಸುಮಾರು 20%, ಕೆಳಗಿನದು ಸುಮಾರು 14% ಬೆಳೆಯಿತು. ಮೇಲಿನ ಕೈ ಎತ್ತಿದ ಭಾರವೋ ಕಡಿಮೆಯೇ. ಭಾರದ ಡಂಬೆಲ್ಲನ್ನು ಎಲ್ಲರಿಗೂ ಕೇಳುವಂತೆ ಧೊಪ್ಪನೆ ಬಿಸಾಡುವ ಪಂಥದವರಿಗೆ ಇದರಿಂದ ತೀವ್ರ ಮನೋವ್ಯಥೆಯಾಗಿದೆ.

ಪ್ರಯೋಗವಿಧಿ: ಓವರ್‌ಹೆಡ್ ಎಕ್ಸ್‌ಟೆನ್ಶನ್ ಒಂದು, ಕೈ ಹತ್ತಿರ ಹಿಡಿದ ಬೆಂಚ್ ಪ್ರೆಸ್ಸೋ, ಗರಡಿಯ ದಂಡವೋ ಇನ್ನೊಂದು. ಮೊಣಕೈ ಅತ್ತಿತ್ತ ಅರಳಬಾರದು. ಇಳಿಸುವಾಗ ನಿಧಾನ. ಹನ್ನೆರಡು ಸಲ ಸಲೀಸಾದರೆ ತೂಕ ಕೊಂಚ ಏರಿಸಬೇಕು. ಮೊಣಕೈ ಕೀಲೇ ನೋಯತೊಡಗಿದರೆ ಅದನ್ನು ತಪಸ್ಸೆಂದು ತಿಳಿಯದೆ ನಿಲ್ಲಿಸಬೇಕು. ಇಷ್ಟೇ ಶಾಸ್ತ್ರ, ಉಳಿದದ್ದು ಪ್ರೋಟೀನ್ ಡಬ್ಬದವರ ಭಾಷ್ಯ.

ಫಲಶ್ರುತಿ: ಇದನ್ನು ಮೊದಲ ಬಾರಿ ಶ್ರದ್ಧೆಯಿಂದ ಆಚರಿಸಿದವನಿಗೆ ಮಾರನೆಯ ದಿನ ತಲೆ ಬಾಚಲಾಗದು, ಬೆನ್ನು ಉಜ್ಜಲಾಗದು. ವಾಯುವಜ್ರ ಬಸ್ಸಿನಲ್ಲಿ ಮೇಲಿನ ಕಂಬಿ ಕೈಗೆ ಎಟುಕದು, ಎಟುಕಿದರೂ ಹಿಡಿದ ಕೈ ಕೆಳಗಿಳಿಯದು. ಅಂಗಿ ತೊಡಿಸಲು ಅಮ್ಮನೇ ಬರಬೇಕು, ಮುದ್ದೆ ತೊಳಸುವುದನ್ನು ಅರ್ಧಕ್ಕೆ ಬಿಟ್ಟು.