ಕವಿಗೊಂದು ಗೋಣಿಚೀಲ

ಬಳ್ಳಾರಿ ಕಡೆಯಿಂದ ಬರುವ ಬಸ್ಸು ರಾಂಪುರದಲ್ಲಿ ನಿಂತರೆ ಕಂಡಕ್ಟರು ಒಂದೇ ಉಸಿರಿಗೆ ಕೂಗುತ್ತಾನೆ: ಹಾನಗಲ್, ಬಿ.ಜಿ.ಕೆರೆ, ತಳಕು, ಚಳ್ಳಕೆರೆ! ಕನ್ನಡ ಸಾಹಿತ್ಯಕ್ಕೆ ದಿನಾ ಇಷ್ಟು ಗಂಟಲು ಹರಿದುಕೊಂಡು ಸೇವೆ ಮಾಡುವವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ತಳಕು ಅಂದರೆ ಸಾಮಾನ್ಯ ಸ್ಟಾಪೇ? ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರ ಈ ಊರಿನದು. ಅವರ ತಮ್ಮ ತ.ಸು. ಶಾಮರಾಯರದೂ ಅದೇ, ಇನ್ನೊಬ್ಬ ತಮ್ಮನ ಮಗ ತ.ರಾ. ಸುಬ್ಬರಾಯರದೂ ಅದೇ. ಸುಬ್ಬರಾಯರು ಅಂದರೆ ಯಾರು ಅನ್ನುತ್ತೀರಿ. ತರಾಸು ಅಂದರೆ ತಕ್ಷಣ, “ಓ, ರಂಗಮಂದಿರ!” ಅನ್ನುತ್ತೀರಿ.

ಅಲ್ಲಿಗೆ ಸ್ಮಾರಕದ ಕೆಲಸ ಮುಗಿಯಿತು. ಚಿತ್ರದುರ್ಗದಲ್ಲಿ ತರಾಸು ಈಗ ಒಂದು ವಿಳಾಸ. ಆಟೋದವನಿಗೆ ಹೇಳಿದರೆ ಕರೆದೊಯ್ಯುತ್ತಾನೆ, ಆಹ್ವಾನ ಪತ್ರಿಕೆಯ ಕೆಳಗೆ ‘ಸ್ಥಳ’ ಎಂಬ ಪದದ ಮುಂದೆ ಅವರ ಹೆಸರು ತಪ್ಪದೆ ಬರುತ್ತದೆ. ಬೆಳಗ್ಗೆ ಹತ್ತೂವರೆಗೆ ಎಂದು ಅಚ್ಚಾದ ಕಾರ್ಯಕ್ರಮಕ್ಕೆ ಶಾಲೆಯ ಮಕ್ಕಳನ್ನು ಒಂಬತ್ತಕ್ಕೇ ತಂದು ಕೂರಿಸಿರುತ್ತಾರೆ. ಮುಖ್ಯ ಅತಿಥಿ ಹನ್ನೆರಡೂವರೆಗೆ ಬರುತ್ತಾರೆ. ನಾಡಗೀತೆ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ, ಮೈಕಿನ ಕಿರುಚಾಟ. ವೇದಿಕೆಯ ಹಿಂದೆ ಒಂದು ಬದಿಗೆ ನಾಯಕರ ಫೋಟೊ, ಇನ್ನೊಂದು ಬದಿಗೆ ನಾಯಕರ ನಾಯಕರ ಫೋಟೊ ಇರುವ ಫ್ಲೆಕ್ಸು. ಅಷ್ಟು ಹೊತ್ತಿನಲ್ಲಿ ತರಾಸು ಕಾದಂಬರಿ ‘ದುರ್ಗಾಸ್ತಮಾನ’ದ ಒಂದು ಅಧ್ಯಾಯ ಓದಿ ಮುಗಿಸಬಹುದಿತ್ತು ಎಂದು ಯಾರಾದರೂ ಗೊಣಗಿದರೆ ಅವರನ್ನು ಮುಂದಿನ ಬಾರಿ ಕರೆಯುವುದಿಲ್ಲ.

ನ್ಯಾಯವಾಗಿ ನೋಡಿದರೆ ದುರ್ಗ ಈ ಮನುಷ್ಯನಿಗೆ ಬಾಕಿ ಕೊಡಬೇಕಾದದ್ದು ಬಹಳ. ಕೊನೆಯ ಮದಕರಿ ನಾಯಕನನ್ನು ಶಾಸನ, ಬಖೈರುಗಳ ಧೂಳಿನಿಂದ ಎಬ್ಬಿಸಿ ಮನೆಮನೆಯ ಪಡಸಾಲೆಗೆ ಕರೆತಂದವರು ಅವರು. ಅವರ ಕಾದಂಬರಿಗಳನ್ನು ಹಿಡಿದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದ ಮೇಲೆ ಕೋಟೆ ನೋಡಲು ಬಂದವರಿಗೆ ಗೈಡುಗಳು ಮೊದಲು ತೋರಿಸಲು ಶುರುಮಾಡಿದ್ದು ಇತಿಹಾಸ ಅಲ್ಲ, ಶೂಟಿಂಗ್ ಆದ ಜಾಗ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ಸಿಟ್ಟಾಗಿದ್ದರೆಂಬ ಮಾತು ಇವತ್ತಿಗೂ ಓಡಾಡುತ್ತದೆ. ಹಾವಿನ ಗತಿಗೆ ಸಿಟ್ಟಾದವರು ತಮ್ಮ ಗತಿ ನೋಡಿದ್ದರೆ ಏನನ್ನುತ್ತಿದ್ದರೋ. ಊರಿನಲ್ಲಿ ಮದಕರಿಗೆ ವೃತ್ತ ಉಂಟು, ಓಬವ್ವನಿಗೆ ವೃತ್ತ ಉಂಟು, ಅವರ ಕಥೆ ಬರೆದವರಿಗೆ ಕಾರ್ಯಕ್ರಮಕ್ಕೆ ಕೊಡುವ ಹಾಲ್. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ತರಾಸು ತೀರಿಕೊಂಡದ್ದು 1984ರ ಏಪ್ರಿಲ್ 10ಕ್ಕೆ. ಅಂದರೆ ಕಾಯಿಸಿ ಗೌರವಿಸುವ ವಿದ್ಯೆಯನ್ನು ದುರ್ಗದವರು ದೆಹಲಿಯಿಂದ ಕಲಿತಿರಬಹುದು, ಅದರಲ್ಲಿ ನಮ್ಮ ತಪ್ಪಿಲ್ಲ.

ತರಾಸು ಒಂದು ಯಡವಟ್ಟು ಮಾಡಿಕೊಂಡರು. ಸರ್ಕಾರಿ ಕ್ಯಾಲೆಂಡರಿನಲ್ಲಿ ಜಾಗ ಸಿಗಬೇಕಾದರೆ ಬರೆದದ್ದು ಮುಖ್ಯವಲ್ಲ, ಹಿಂದೆ ಒಂದು ಸಮಾಜ ನಿಂತಿರಬೇಕು. ಜನವರಿ 19 ವೇಮನ, ಫೆಬ್ರವರಿ 20 ಸರ್ವಜ್ಞ. ಜಾತಿ ಎಂಬುದನ್ನೇ ಗೇಲಿ ಮಾಡುತ್ತ ಊರೂರು ತಿರುಗಿದ ಇಬ್ಬರನ್ನೂ ಹಿಡಿದು ತಂದು ಒಂದೊಂದು ಸಮಾಜದ ಸುಪರ್ದಿಗೆ ಒಪ್ಪಿಸಿ ರಸೀದಿ ಪಡೆದಿದ್ದೇವೆ. ಕಾದಂಬರಿಕಾರನಿಗೆ ಓದುಗರಿರುತ್ತಾರೆ. ಓದುಗರಿಗೆ ಸಂಘವಿಲ್ಲ, ಸಮಾವೇಶವಿಲ್ಲ, ಮೀಸಲಾತಿ ಬೇಡಿಕೆಯಿಲ್ಲ; ಅಂಥವರ ಮಾತು ಯಾರು ಕೇಳುತ್ತಾರೆ?

ಹಾಗಂತ ಪ್ರತಿಮೆ ನಿಂತವರು ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ತಿರುಕ್ಕುರಳು ಬರೆದ ತಮಿಳು ಕವಿ ತಿರುವಳ್ಳುವರ್ ನಿಂತಿದ್ದಾರೆ. ತಮಿಳು ಸಂಘದ ಆಸೆಯಿಂದ 1991ರಲ್ಲೇ ಅಲ್ಲಿಗೆ ಬಂದವರು. ಅದೇ ವರ್ಷ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು, ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ನೀರಿನ ಲೆಕ್ಕ ಇತ್ಯರ್ಥ ಆಗುವ ತನಕ ಕವಿಯ ಮುಖ ತೋರಿಸುವಂತಿಲ್ಲ ಎಂದಾಯಿತು. ಮಳೆಯ ಮಹಿಮೆಗೇ ಒಂದು ಇಡೀ ಅಧಿಕಾರ ಬರೆದ ಕವಿಗೆ ಇದಕ್ಕಿಂತ ಚೆನ್ನಾಗಿ ಉತ್ತರ ಕೊಡಲು ಸಾಧ್ಯವೇ? ಗೋಣಿ ಸುತ್ತಿದರು, ಕಟ್ಟಿದರು, ನಿಲ್ಲಿಸಿದರು. ಒಂದು ವರ್ಷ ಎರಡು ವರ್ಷವಲ್ಲ, 18 ವರ್ಷ. ಅಷ್ಟರಲ್ಲಿ ಎಷ್ಟೋ ಮುಖ್ಯಮಂತ್ರಿಗಳು ಬಂದರು, ಹೋದರು. ಕುರ್ಚಿ ಗಟ್ಟಿಯಿದ್ದದ್ದು ಗೋಣಿಯೊಳಗಿನವರದ್ದು ಮಾತ್ರ.

ನನ್ನ ಪ್ರಕಾರ ಆ ಪ್ರತಿಮೆಯ ಸುವರ್ಣ ಯುಗ ಅದೇ. ಹಾರ ಹಾಕಿ ಮರೆಯುವ ಹಾಗಿಲ್ಲ, ಕಾಗೆ ಕೂರುವ ಹಾಗಿಲ್ಲ, ಭಾಷಣ ಕೇಳುವ ಕರ್ಮವಿಲ್ಲ. ತಮಿಳರಿಗೆ ಅವಮಾನವಾಗಿದೆ ಎಂಬ ತೃಪ್ತಿ, ಕನ್ನಡಿಗರಿಗೆ ಗೆದ್ದಿದ್ದೇವೆ ಎಂಬ ತೃಪ್ತಿ. ಕುರಳು ಓದುವ ಕಷ್ಟ ಇಬ್ಬರಿಗೂ ಇಲ್ಲ.

1991ರಲ್ಲಿ ಹುಟ್ಟಿದ ಮಗು 2009ಕ್ಕೆ ಮತ ಹಾಕುವ ವಯಸ್ಸಿಗೆ ಬಂತು. ಆ ವಯಸ್ಸಿಗೆ ಬಂದ ಮೇಲೆಯೇ ವಳ್ಳುವರ್ ಕೂಡ ಸರ್ಕಾರದ ಕಣ್ಣಿಗೆ ಬಿದ್ದರು. ಆಗಸ್ಟ್ 9ರಂದು ನಮ್ಮ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಸಮ್ಮುಖದಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಬಂದು ಪೊಲೀಸ್ ಸರ್ಪಗಾವಲಿನಲ್ಲಿ ತೆರೆ ಸರಿಸಿದರು. ಲೆಕ್ಕ ಚುಕ್ತಾ ಆಗಬೇಕಲ್ಲ, ನಾಲ್ಕೇ ದಿನಕ್ಕೆ, 13ರಂದು, ಚೆನ್ನೈನ ಅಯನಾವರಂನಲ್ಲಿ ಯಡಿಯೂರಪ್ಪನವರು ಸರ್ವಜ್ಞನ ಪ್ರತಿಮೆ ಅನಾವರಣ ಮಾಡಿದರು. ನಮ್ಮವನೊಬ್ಬನನ್ನು ನೀವು ಇಟ್ಟುಕೊಳ್ಳಿ, ನಿಮ್ಮವನೊಬ್ಬನನ್ನು ನಾವು ಇಟ್ಟುಕೊಳ್ಳುತ್ತೇವೆ. ಎರಡು ಸಾಲಿನ ಕುರಳಿನವನಿಗೆ ಮೂರು ಸಾಲಿನ ತ್ರಿಪದಿಯವನು! ತಮಿಳಿನವರು ಒಂದು ಸಾಲು ಲಾಭ ಮಾಡಿಕೊಂಡರು. ವ್ಯವಹಾರದಲ್ಲಿ ಅವರು ಯಾವತ್ತೂ ಚುರುಕು. ಕನ್ಯಾಕುಮಾರಿಯಲ್ಲಿ 2000ದ ಜನವರಿ 1ಕ್ಕೆ ನಿಲ್ಲಿಸಿದ ವಳ್ಳುವರ್ ಪ್ರತಿಮೆ ಪೀಠವೂ ಸೇರಿ 133 ಅಡಿ, ಯಾಕೆಂದರೆ ತಿರುಕ್ಕುರಳಿನಲ್ಲಿ 133 ಅಧಿಕಾರಗಳು. ಅಧ್ಯಾಯಕ್ಕೊಂದು ಅಡಿ. ಓದದಿದ್ದರೂ ಕತ್ತೆತ್ತಿ ಎಣಿಸಿಕೊಳ್ಳಬಹುದು.

ಗಡಿಯ ವಿಷಯವನ್ನು ನಮಗೆ, ರಾಂಪುರದವರಿಗೆ, ಯಾರೂ ಹೇಳಿಕೊಡಬೇಕಿಲ್ಲ. ಆಚೆ ಕಡೆ ಆಂಧ್ರದ ರಾಯದುರ್ಗ, ಈಚೆ ಕಡೆ ನಾವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಾಲ ಕೇಳುವಾಗ ಎರಡೂ. ಇಲ್ಲಿ ವೇಮನ ಯಾವ ರಾಜ್ಯದವನು ಎಂದು ಜಗಳ ತೆಗೆದರೆ ಚಹಾ ಆರಿ ಹೋಗುತ್ತದೆ ಅಷ್ಟೇ. ಆದ್ದರಿಂದಲೇ ಇರಬೇಕು, ನಮಗೆ ಪ್ರತಿಮೆಯ ಭಾಗ್ಯ ಬರಲಿಲ್ಲ.

ಆದರೆ ಬರೆದವನೊಬ್ಬನ ಗುರುತು ನಮ್ಮ ಬಗಲಲ್ಲೇ ಇದೆ, ಯಾರೂ ಚಂದಾ ಎತ್ತದೆ ಆದದ್ದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ್ದು. ಓದಿ ನೋಡಿ, ಅಪ್ಪಟ ಸರ್ಕಾರಿ ಸುತ್ತೋಲೆ. ಸುವರ್ಣಗಿರಿಯ ರಾಜಕುಮಾರನ ಕಚೇರಿಯಿಂದ ಇಸಿಲದ ಅಧಿಕಾರಿಗಳಿಗೆ, ಮೊದಲು ಅವರ ಕ್ಷೇಮ ಸಮಾಚಾರ, ಆಮೇಲೆ ಆದೇಶ: ತಂದೆ ತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ಹೇಳಿ. ಕೊನೆಗೆ ಬರೆದವನ ಹೆಸರು, ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಕೊರೆದ ಈ ಮಹಾಶಯ ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಹಾಕಿದ್ದಾನೆ. ಕನ್ನಡದಲ್ಲಿ ಅರ್ಜಿ ಬರೆದು ಕೆಳಗೆ ಇಂಗ್ಲಿಷಿನಲ್ಲಿ ಸಹಿ ಗೀಚುವ ನಮ್ಮವರಿಗೆ ಇವನೇ ಮೂಲಪುರುಷ.

ಸಾವಿರ ವರ್ಷಕ್ಕೂ ಮೇಲೆ ಅದನ್ನು ಓದುವವರಿರಲಿಲ್ಲ. ಬ್ರಹ್ಮಗಿರಿಯದನ್ನು ಜನ ಅಕ್ಷರ ಗುಂಡು ಅಂದರು. ಓದಲು ಬಾರದಿದ್ದರೂ ಅಕ್ಷರ ಎಂಬ ಮರ್ಯಾದೆ ಇತ್ತು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು, ಅಕ್ಷರಗಳು ಸವೆದವು. ಅಶೋಕನ ಆಜ್ಞೆಯ ಮೇಲೆ ಕೂತು ಬಳೆ ತೊಡಿಸಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರು ಯಾರ ಮುಖಕ್ಕೂ ಬಟ್ಟೆ ಕಟ್ಟಲಿಲ್ಲ, ಹೆಸರಿಗೆ ಪೇಟೆಂಟ್ ಕೇಳಲಿಲ್ಲ, ಹೊಟ್ಟೆಪಾಡು ನೋಡಿಕೊಂಡರು.

ಇಷ್ಟು ಹೇಳಿದ ಮೇಲೂ ನಿಮ್ಮೂರಿನಲ್ಲಿ ಸಾಹಿತಿಯೊಬ್ಬರ ಪ್ರತಿಮೆ ನಿಲ್ಲಿಸಲೇಬೇಕೆಂಬ ಹಟವಿದ್ದರೆ, ಸಮಿತಿಯವರಿಗೆ ಒಂದು ಮಾತು. ಶಿಲ್ಪಿಗೆ ಮುಂಗಡ ಕೊಡುವ ಮುಂಚೆ ಗೋಣಿಗೆ ಮುಂಗಡ ಕೊಟ್ಟುಬಿಡಿ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ನಡೆಯುವ ತನಕ ಚೀಲಕ್ಕೇನೂ ಬರವಿಲ್ಲ. ಅಳತೆ ಮಾತ್ರ ಸರಿಯಾಗಿ ಹೇಳಿ, ಪೀಠ ಸೇರಿಸಿ.