ನೀಲಿ ಪರದೆಯ ಗುಮಾಸ್ತ

ಶಿವಮೊಗ್ಗದ ಒಂದು ಅಡಿಕೆ ಮಂಡಿ. ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು, ಅದರೊಳಗೆ ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ. ಮಂಡಿಗೆ ವಿಂಡೋಸ್ 11 ಬರುತ್ತದೆಂಬ ಸುದ್ದಿ ಕೇಳಿ ಆ ಪ್ರೋಗ್ರಾಮನ್ನೇ ಮಾತನಾಡಿಸಿದೆವು.

ಪ್ರಶ್ನೆ: ಹೊಸ ಕಂಪ್ಯೂಟರಿಗೆ ಯಾವಾಗ ಹೊರಡುತ್ತೀರಿ?

ಉತ್ತರ: ಅಲ್ಲಿ ನನ್ನನ್ನು ಒಳಗೆ ಬಿಟ್ಟರೆ ತಾನೆ? ನಾನು 16 ಬಿಟ್ ಕಾಲದವನು. 32 ಬಿಟ್ ವಿಂಡೋಸ್‌ನಲ್ಲಿ ನಮ್ಮಂಥವರಿಗೆಂದೇ ಡಾಸ್ ವೇಷ ಹಾಕುವ ಏರ್ಪಾಡಿತ್ತು. 64 ಬಿಟ್‌ನಲ್ಲಿ ಅದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ.

ಪ್ರಶ್ನೆ: ಮೈಕ್ರೋಸಾಫ್ಟ್‌ಗೆ ಹಳಬರ ಮೇಲೆ ಕರುಣೆಯಿಲ್ಲ ಅನ್ನಿ.

ಉತ್ತರ: ಛೆ, ನಮಗಾಗಿ ಅದು ಹೇಳಿದಷ್ಟು ಸುಳ್ಳು ಯಾವ ದಲ್ಲಾಳಿಯೂ ಹೇಳಿಲ್ಲ. ಹಳೆಯ ಪ್ರೋಗ್ರಾಂ ಬಂದು ಕೇಳಿದರೆ ವಿಂಡೋಸ್ 95 ತಾನು 3.95 ಎನ್ನುತ್ತಿತ್ತು. ವಿಂಡೋಸ್ 7ರ ಒಳಗಿನ ನಂಬರು 6.1. ನಂಬರು ಜಿಗಿದರೆ ದಿಕ್ಕು ತಪ್ಪುವ ಪ್ರೋಗ್ರಾಂಗಳಿದ್ದವಲ್ಲ, ಅದಕ್ಕೆ. 1900ರ ಫೆಬ್ರುವರಿಗೆ ಎಕ್ಸೆಲ್ ಇಂದಿಗೂ 29 ದಿನ ಕೊಡುತ್ತದೆ. ಅದು ಲೋಟಸ್ 1-2-3 ಮಾಡಿದ ತಪ್ಪು. ಹಳೆಯ ಲೆಕ್ಕ ತಾಳೆಯಾಗಲೆಂದು ಹಾಗೇ ಇಟ್ಟುಕೊಂಡರು.

ಪ್ರಶ್ನೆ: ಇಷ್ಟೊಂದು ಮಮತೆ ಏಕೆ?

ಉತ್ತರ: ಮಮತೆಯಲ್ಲ, ವ್ಯಾಪಾರ. ಹೊಸ ವಿಂಡೋಸ್ ಹಾಕಿದ ದಿನ ರೈತರಿಗೆ ಪಟ್ಟಿ ಬರದಿದ್ದರೆ ಸಾಹುಕಾರರು ಯಾರನ್ನು ಬೈಯಬೇಕು? ನನ್ನನ್ನು ಬರೆದ ಹುಡುಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಬೈಗುಳವೆಲ್ಲ ವಿಂಡೋಸ್‌ಗೆ.

ಪ್ರಶ್ನೆ: ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ವೈರಸ್ ಭಯವಿಲ್ಲವೆ?

ಉತ್ತರ: ಇಂಟರ್‌ನೆಟ್ ವೈರು ಕಿತ್ತಿಟ್ಟಿದ್ದಾರೆ, ಭದ್ರವಾಗಿದ್ದೇನೆ. ಬ್ಯಾಕಪ್ಪಿಗೆ ಪೆನ್‌ಡ್ರೈವ್ ಬರುತ್ತದೆ. ಸಾಹುಕಾರರ ಮಗ ಸಿನಿಮಾ ತುಂಬಿಸಿಕೊಂಡು ಊರೆಲ್ಲ ಸುತ್ತಿಸುವ ಪೆನ್‌ಡ್ರೈವೂ ಅದೇ.

ಪ್ರಶ್ನೆ: ವರ್ಚುವಲ್ ಮಷೀನ್ ಹಾಕಿ ನೋಡಬಹುದಿತ್ತು.

ಉತ್ತರ: ರಿಪೇರಿಯವರು ಅದನ್ನೂ ನೋಡಿದರು. ಎದ್ದು ಕೂತೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಹಮಾಲಿ, ಕಮಿಷನ್ ಒಂದೂ ತಪ್ಪಲಿಲ್ಲ. ಪ್ರಿಂಟ್ ಒತ್ತಿದಾಗ ಪ್ರಿಂಟರಿನ ಹಳೆಯ ಪೋರ್ಟು ಎಲ್‌ಪಿಟಿ1 ಎಲ್ಲಿ ಎಂದು ತಡಕಾಡಿದೆ. ಹೊಸ ಕಂಪ್ಯೂಟರಿನ ಹಿಂದುಗಡೆ ಆ ಅಗಲದ ಪೋರ್ಟೇ ಇಲ್ಲ! ಹಳೆಯ ಪ್ರಿಂಟರಿನಂತೆ ಲೇಸರ್ ಪ್ರಿಂಟರಿನಲ್ಲಿ ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆಯಲಾದೀತೆ?

ಪ್ರಶ್ನೆ: ಜಿಎಸ್‌ಟಿಗೆ ಸರಿಹೋಗುವ ಹೊಸ ಸಾಫ್ಟ್‌ವೇರ್ ಕೊಂಡರಾಯಿತು.

ಉತ್ತರ: ಕೊಂಡು ವರ್ಷಗಳಾದವು. ಆಚೆ ಟೇಬಲ್ಲಿನಲ್ಲಿದೆ ನೋಡಿ, ಆಡಿಟರು ಬಂದರೆ ಅದರ ಮುಂದೆಯೇ ಕೂರಿಸುತ್ತಾರೆ. ಎಲ್ಲ ಬರುತ್ತದೆ ಅದಕ್ಕೆ. ನನ್ನಲ್ಲಿ ಎಫ್9 ಒತ್ತಿದರೆ ತೆರೆಯುವ ಇನ್ನೊಂದು ಖಾತೆ ಮಾತ್ರ ಬರುವುದಿಲ್ಲ.

ಪ್ರಶ್ನೆ: ಅಂದರೆ, ನಂಬರ್ ಟೂ...

ಉತ್ತರ: ಶ್! ಸಾಹುಕಾರರು ಬಂದರು. ‘ಹಳೆಯ ಪ್ರೋಗ್ರಾಂ ಹೊಸ ವಿಂಡೋಸ್‌ಗೆ ಹೊಂದುತ್ತಿಲ್ಲ, ಪಾಪ ಮಂಡಿಯವರು ಏನು ಮಾಡಿಯಾರು’ ಅಂತ ಬರೆದುಕೊಳ್ಳಿ ಸ್ವಾಮಿ.